ಓರಗಿತ್ತಿಯ ಚೈನು, ಹೆಪ್ಪುಗಟ್ಟಿದ ಸಮುದ್ರ

ಚಂದ್ರಾ ಲೇಔಟ್

ಫಿನ್ಲೆಂಡಿಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ಚಳಿಯ ವಿಷಯ. ಚಳಿ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿದ್ದಷ್ಟು ದಿನವೂ ನನ್ನ ಹೊಟ್ಟೆಯೊಳಗೆ ಧಗಧಗ ಉರಿಯುತ್ತಿತ್ತು. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಉರಿಗೆ ಕಾರಣ ರೇಖಾ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಬೆಂಗಳೂರಿನ ಚಂದ್ರಾ ಲೇಔಟಿನ ಮನೆಯಲ್ಲಿ ಕೆಳಗೆ ನಾವು, ಮೇಲೆ ಅವರು. ನಾನು ರಾಜಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ಅವಳು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ಚಟವನ್ನು ಅವಳಿಗೆ ಹತ್ತಿಸಿದವಳು ನಾನೇ. ಮೊದಲ ವರ್ಷ ಉಲ್ಲಾಳದ ಏರಿನಲ್ಲಿ ಅವಳು ಇಳಿದು ತಳ್ಳುತ್ತಿದ್ದಳು, ನಾನು ಮೇಲೆ ನಿಂತು ಕಾಯುತ್ತಿದ್ದೆ. ಮರುವರ್ಷ ಜೊತೆಜೊತೆಗೆ ಬಂದಳು. ಈಗ ಮೇಲೆ ನಿಂತು ಕಾಯುವವಳು ಅವಳು, ಅದೂ ನೀರಿನ ಬಾಟಲಿಯ ಮುಚ್ಚಳ ತೆಗೆದು ನನಗಾಗಿ ಹಿಡಿದುಕೊಂಡು. ಬಾಟಲಿ ಕೊಡಲಿ, ಬೇಡ ಅನ್ನುವುದಿಲ್ಲ. ಆ ಮುಚ್ಚಳವನ್ನೂ ತೆಗೆದಿಟ್ಟಿರುತ್ತಾಳಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಅದು ಚೈನು. ನಮ್ಮ ಕಡೆ ರಸ್ತೆ ಅಗೆಯುವ ಕೆಲಸ ಮುಗಿಯುವುದೇ ಇಲ್ಲ. ಶ್ರೀಗಂಧದ ಕಾವಲಿನಿಂದ ಮಾಗಡಿ ರೋಡಿಗೆ ಬರುವಷ್ಟರಲ್ಲಿ ಎಣ್ಣೆ ಹಾಕಿದ ಚೈನಿಗೆ ದೂಳು ಮೆತ್ತಿ ಕರೀ ಹಿಟ್ಟಾಗಿರುತ್ತದೆ. ಅದಕ್ಕೆ ನಾನು ಕಂಡುಕೊಂಡ ಮದ್ದು ಮೇಣ. ಮೇಣದಬತ್ತಿ ಕರಗಿಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಒಂದಿಷ್ಟು ಸೇರಿಸಿ, ತೊಳೆದು ಒಣಗಿಸಿದ ಚೈನನ್ನು ಅದರಲ್ಲಿ ಮುಳುಗಿಸಿ ತೆಗೆಯಬೇಕು. ಆರಿದ ಮೇಲೆ ಮುಟ್ಟಿದರೂ ಕೈಗೆ ಕರಿ ಹತ್ತುವುದಿಲ್ಲ, ದೂಳೂ ಅಂಟುವುದಿಲ್ಲ. ಲಿಕ್ವಿಡ್ ಪ್ಯಾರಫಿನ್ ಅಂದರೆ ಮಲಬದ್ಧತೆಗೆ ಕುಡಿಯುವ ಎಣ್ಣೆ. ನಾನು ಒಟ್ಟಿಗೆ ಮೂರು ಬಾಟಲಿ ಕೇಳಿದಾಗ ಅಂಗಡಿಯವನು ದನಿ ತಗ್ಗಿಸಿ, "ಯಾರಿಗೆ ಆಂಟಿ? ಡಾಕ್ಟರ್‌ಗೆ ತೋರ್ಸಿದೀರಾ?" ಅಂತ ಮರುಕದಿಂದ ವಿಚಾರಿಸಿದ. ಸೈಕಲ್ಲಿಗೆ ಅಂದೆ. ಅವನು ನಂಬಲಿಲ್ಲ.

ಇಷ್ಟನ್ನೂ ರೇಖಾಗೆ ಹೇಳಿಕೊಟ್ಟಿದ್ದೆ, ಒಂದನ್ನು ಬಿಟ್ಟು. ನಮ್ಮ ಮನೆಗಳಲ್ಲಿ ಹುಳಿಪುಡಿ, ಪುಳಿಯೋಗರೆ ಗೊಜ್ಜು ಇಂಥವನ್ನು ಯಾರಿಗಾದರೂ ಹೇಳಿಕೊಡುವಾಗ ಒಂದು ಸಾಮಾನನ್ನು ನುಂಗಿಕೊಳ್ಳುವುದು ಪದ್ಧತಿ. ನಮ್ಮತ್ತೆ ನನಗೆ ಹುಳಿಪುಡಿ ಹೇಳಿಕೊಟ್ಟಾಗ ಮೆಂತ್ಯ ನುಂಗಿಕೊಂಡಿದ್ದರು. ನಾನು ನುಂಗಿಕೊಂಡದ್ದು ಕೊಬ್ಬರಿ ಎಣ್ಣೆ. ಲಿಕ್ವಿಡ್ ಪ್ಯಾರಫಿನ್ ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ಕೊಬ್ಬರಿ ಎಣ್ಣೆ ಹಾಕಿದರೆ ಚೈನು ಪಿಟಕ್ ಅನ್ನುವುದಿಲ್ಲ. ನಮ್ಮ ಸೈಕಲ್ ಗುಂಪಿನ ಹುಡುಗರು, "ಆಂಟಿ, ನಿಮ್ ಚೈನ್ ಸೌಂಡೇ ಬರಲ್ವಲ್ಲ, ಏನ್ ಹಾಕ್ತೀರಾ?" ಅಂತ ಕೇಳಿದಾಗ ನಾನು ಉತ್ತರ ಕೊಡದೆ ರೇಖಾಳ ಮುಖ ನೋಡುತ್ತಿದ್ದೆ. ಭಾನುವಾರದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಅದು.

ಇಂಥ ಹೊತ್ತಿನಲ್ಲಿ ಕೈಸಾಳ ಮೆಸೇಜು ಬಂತು. ಕೈಸಾ ಫಿನ್ಲೆಂಡಿನವಳು. ಉಲ್ಲಾಳದ ಹತ್ತಿರದ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಏನೋ ಸಂಶೋಧನೆಗೆ ಬಂದವಳು ನಮ್ಮ ಟೆರೇಸಿನ ರೂಮಿನಲ್ಲಿ ಬಾಡಿಗೆಗಿದ್ದಳು, ಭಾನುವಾರ ನಮ್ಮ ಜೊತೆ ಸೈಕಲ್ಲಿಗೂ ಬರುತ್ತಿದ್ದಳು. ಅವಳಿಗೆ ಮುದ್ದೆ ನುಂಗಲು ಕಲಿಸಿದವಳು ನಾನು, ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು ನಾನು. ಮೆಸೇಜು ಮಾತ್ರ ಬಂದದ್ದು ರೇಖಾಳ ಫೋನಿಗೆ. ನೀವಿಬ್ಬರೂ ಚಳಿಗಾಲದಲ್ಲಿ ಬನ್ನಿ, ನಿಮ್ಮ ಮೇಣವನ್ನು ನಮ್ಮ ಚಳಿಯಲ್ಲಿ ಪರೀಕ್ಷಿಸೋಣ, ಆಮೇಲೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೈಕಲ್ ತುಳಿದುಕೊಂಡು ಎದುರಿನ ದ್ವೀಪಕ್ಕೆ ಹೋಗೋಣ ಅಂತ. ಅದನ್ನು ರೇಖಾ ಮೆಟ್ಟಿಲಿಳಿದು ಬಂದು ನನಗೆ ಓದಿ ಹೇಳಬೇಕಾಯಿತು. ದ್ವೀಪಕ್ಕೆ ಹೋಗುವುದಾದರೆ ನನ್ನ ಮೇಣದ ಮೇಲೇ ಹೋಗಬೇಕು, ಇವಳಿಗಿಂತ ಮುಂದೆ ಹೋಗಬೇಕು ಅಂತ ನಾನು ಒಗ್ಗರಣೆ ಹಾಕುತ್ತಲೇ ತೀರ್ಮಾನ ಮಾಡಿದೆ.

ಅವಳು ಮೇಲೆ ಅವಳ ಅಡುಗೆಮನೆಯಲ್ಲಿ, ನಾನು ಕೆಳಗೆ ನನ್ನ ಅಡುಗೆಮನೆಯಲ್ಲಿ ಮೇಣ ಕಾಯಿಸಿದೆವು. ಅವಳು ಚೈನನ್ನು ಡಬ್ಬಕ್ಕೆ ಹಾಕಿ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಇಟ್ಟು ನೋಡುತ್ತಿದ್ದಾಳೆ ಅಂತ ಮೈದುನ ಹೇಳಿದಾಗ ನಾನು ನಕ್ಕುಬಿಟ್ಟೆ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ತಲೆಗೆ ಹಚ್ಚಿಕೊಳ್ಳುವವಳೇ ನಾನೂ. ಆದರೆ ಮೇಣವೇ ಗಟ್ಟಿ ಪದಾರ್ಥ, ಗಟ್ಟಿಯೊಳಗೆ ಇನ್ನೊಂದು ಗಟ್ಟಿಯಾದರೆ ಏನು ಮಹಾ ಅಂತ ನನ್ನ ಲೆಕ್ಕ. ಮಕ್ಕಳಿಗೆ ಘನ, ದ್ರವ, ಅನಿಲ ಪಾಠ ಮಾಡುವವಳ ಲೆಕ್ಕ ಇದು.

ಏರ್‌ಪೋರ್ಟ್

ಮೇಣವನ್ನು ತಟ್ಟೆಗೆ ಸುರಿದು, ಆರುವ ಮುಂಚೆ ಚಾಕುವಿನಲ್ಲಿ ಗೆರೆ ಎಳೆದು ತುಂಡು ಮಾಡಿಟ್ಟಿದ್ದೆ. ಕೈಗೆ ಅದೇ ಅಭ್ಯಾಸ. ಸೆಕ್ಯೂರಿಟಿಯಲ್ಲಿ ನಿಂತಿದ್ದ ಅಧಿಕಾರಿ ಡಬ್ಬ ತೆಗೆಸಿ ಮೂಸಿ ನೋಡಿದರು.

"ಏನ್ ಮೇಡಂ, ಕೊಬ್ಬರಿ ಮಿಠಾಯಿನಾ?"

ರೇಖಾ ನನ್ನ ಹಿಂದೆಯೇ ನಿಂತಿದ್ದಳು.

"ಅಲ್ಲ ಸಾರ್, ಮೇಣ. ಸೈಕಲ್ ಚೈನ್‌ಗೆ ಹಾಕೋದು."

"ಕೊಬ್ಬರಿ ವಾಸನೆ ಬರ್ತಿದೆಯಲ್ಲ."

"ಡಬ್ಬದ ವಾಸನೆ ಸಾರ್. ಹಿಂದೆ ಮಿಠಾಯಿ ಇಟ್ಟಿದ್ವಿ."

ಅವರು ಇನ್ನೊಮ್ಮೆ ಮೂಸಿ, ಒಲ್ಲದ ಮನಸ್ಸಿನಿಂದ ಡಬ್ಬ ವಾಪಸ್ಸು ಕೊಟ್ಟರು. ನಾನು ತಿರುಗಿ ನೋಡಿದರೆ ರೇಖಾ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಪೇಪರ್ ಕಪ್ಪುಗಳಲ್ಲಿ ಹೊಯ್ದ ಅವಳ ಮೇಣ ಬೆಳ್ಳಗೆ, ವಾಸನೆಯೇ ಇಲ್ಲದೆ ಇತ್ತು. ಅದನ್ನು ಯಾರೂ ಏನೂ ಕೇಳಲಿಲ್ಲ.

ಔಲು

ಔಲು ಫಿನ್ಲೆಂಡಿನ ಉತ್ತರದಲ್ಲಿ, ಸಮುದ್ರದ ದಂಡೆಯಲ್ಲಿರುವ ಊರು. ಬೆಳಿಗ್ಗೆ ಎದ್ದು ಕಿಟಕಿ ಸರಿಸಿದರೆ ರಸ್ತೆಯ ಮೇಲಿನ ಹಿಮ ಹಾಗೇ ಇದೆ, ಪಕ್ಕದ ಸೈಕಲ್ ದಾರಿಯನ್ನು ಮಾತ್ರ ಒಂದು ಗಾಡಿ ಆಗಲೇ ಹಿಮ ತೆಗೆದು ಬಳಿದು ಹೋಗಿದೆ. ಕಾರಿನವರ ಸರದಿ ಆಮೇಲಂತೆ. ಕೈಸಾ ಇದನ್ನು ಹಾಲು ಬಂತು ಅನ್ನುವಷ್ಟೇ ಸಹಜವಾಗಿ ಹೇಳಿದಳು. ನಾನು ಕಾಫಿ ಲೋಟ ಹಿಡಿದುಕೊಂಡು ಕಿಟಕಿಯಲ್ಲೇ ನಿಂತುಬಿಟ್ಟೆ. ಮಾಗಡಿ ರೋಡಿನಲ್ಲಿ ಹಿಂದಿನಿಂದ ಬಸ್ಸು ಹಾರನ್ ಬಾರಿಸಿದಾಗ ಮೋರಿಯ ಕಲ್ಲಿನ ಮೇಲೆ ಸೈಕಲ್ ಏರಿಸಿಕೊಂಡು ನಿಲ್ಲುವ ನನಗೆ ಆ ಬಳಿದ ದಾರಿ ಕಂಡು ನಿಜಕ್ಕೂ ಅಳು ಬಂತು. ಭಕ್ತಿಯಿಂದ ಬಂದ ಅಳು ಅಲ್ಲ ಅದು, ಶುದ್ಧ ಹೊಟ್ಟೆಕಿಚ್ಚು.

ಶಾಲೆಯೊಂದರ ಮುಂದೆ ಮಕ್ಕಳ ಸೈಕಲ್ಲುಗಳು ಹಿಮದಲ್ಲಿ ನಿಂತಿದ್ದವು, ಎಷ್ಟೋ ಸೈಕಲ್ಲುಗಳಿಗೆ ಬೀಗವೇ ಇಲ್ಲ. ನಮ್ಮ ಶಾಲೆಯ ಮುಂದೆ ಬೆಳಿಗ್ಗೆ ನಿಲ್ಲುವುದು ಕಾರುಗಳ ಸಾಲು. ಎಂಟನೇ ಕ್ಲಾಸಿನ ಹುಡುಗ ಎರಡು ಬೀದಿ ದೂರದ ಮನೆಯಿಂದ ಕಾರಿನಲ್ಲಿ ಬಂದು ಇಳಿಯುತ್ತಾನೆ. ಇಲ್ಲಿ ಕೈಸಾಳ ತಾಯಿ ಐಲಾ, ಎಪ್ಪತ್ತು ದಾಟಿದ ಹೆಂಗಸು, ಹಿಮದಲ್ಲಿ ಜಾರದ ಹಾಗೆ ಮೊಳೆ ಬಡಿದ ಟೈರಿನ ಸೈಕಲ್ಲಿನಲ್ಲಿ ತರಕಾರಿ ತರುತ್ತಾರೆ. ನಾನು ಮನಸ್ಸಿನಲ್ಲೇ ಅವರಿಗೆ ಐಲಜ್ಜಿ ಅಂತ ಹೆಸರಿಟ್ಟೆ. ನನ್ನ ಮಂಡಿ ಈಗಲೇ ಕಟಕಟ ಅನ್ನುತ್ತದೆ. ಅಜ್ಜಿಯ ಮಂಡಿಯ ಮೇಲೂ ನನ್ನ ಕಣ್ಣು ಬಿತ್ತು.

ಅಲ್ಲಿನ ಜನ ನಮ್ಮ ಹಾಗೇ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಡುತ್ತಾರೆ. ಅಷ್ಟು ಕಂಡು ನಮ್ಮವರೇ ಅಂದುಕೊಂಡು ಬಸ್ಸಿನಲ್ಲಿ ಒಬ್ಬಾಕೆಯ ಪಕ್ಕ ಕೂತು, ಎಲ್ಲಿಗೆ ಹೊರಟಿದ್ದೀರಿ, ಮಕ್ಕಳೆಷ್ಟು ಅಂತ ಮಾತಿಗಿಳಿದೆ. ಆಕೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟರು. ಅದು ಅವರ ಸ್ಟಾಪು ಅಲ್ಲ ಅಂತ ನನಗೆ ಅನುಮಾನ. ಅವರಿಗೆ ಮಾತಿಲ್ಲದೆ ಜೊತೆಗೆ ಕೂರುವುದೇ ಸ್ನೇಹ. ರೇಖಾ ಹುಟ್ಟಿನಿಂದ ಹಾಗೇ. ಕೈಸಾ ಮತ್ತು ಅವಳು ಅಡುಗೆಮನೆಯ ಮೇಜಿನಲ್ಲಿ ಎದುರುಬದುರು ಕೂತು ಕಿಟಕಿಯಾಚೆ ನೋಡುತ್ತ ಒಂದು ಕಪ್ಪು ಕಾಫಿಯನ್ನು ಕುಡಿದು ಮುಗಿಸುತ್ತಿದ್ದರು, ತುಟಿ ಪಿಟಕ್ ಅನ್ನುತ್ತಿರಲಿಲ್ಲ. ನಾನು ಒಳಗೆ ಬಂದರೆ ಇಬ್ಬರೂ ಮರ್ಯಾದೆಗೆ ನಗುತ್ತಿದ್ದರು. ಗಂಜಿ ಕೊಟ್ಟವಳು ನಾನು, ಗೆಳತಿಯಾದವಳು ಇವಳು.

ಕೈಸಾಳ ಅಡುಗೆಮನೆ

ಕೈಸಾ ನೆರೆಮನೆಯವರಿಂದ ಎರಡು ಸೈಕಲ್ಲು ಕೇಳಿ ತಂದಿದ್ದಳು, ನನಗೆ ಕೆಂಪು, ರೇಖಾಗೆ ನೀಲಿ. ಅಲ್ಲಿ ಜಾರದಿರಲಿ ಅಂತ ದಾರಿಗೆ ಸಣ್ಣ ಜಲ್ಲಿ ಎರಚುತ್ತಾರೆ. ಅದು ಚೈನಿನ ಎಣ್ಣೆಗೆ ಮೆತ್ತಿ ಅರೆಯುತ್ತದೆ, ಎಣ್ಣೆಯೂ ಚಳಿಗೆ ಮಂದವಾಗುತ್ತದೆ. ಯಾರ ಮೇಣ ಚೆನ್ನಾಗಿರುತ್ತದೋ ಅದನ್ನೇ ತಾನು, ತಾಯಿ, ನೆರೆಯವರು ಎಲ್ಲ ಹಾಕಿಕೊಳ್ಳುತ್ತೇವೆ ಅಂದಳು ಕೈಸಾ. ನಾನು ಸೀರಿಯಸ್ಸಾಗಿ ತಲೆಯಾಡಿಸಿದೆ.

ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಮೇಣ ಕರಗಿಸಿದೆವು. ಮೊದಲು ರೇಖಾಳದು, ಆಮೇಲೆ ನನ್ನದು. ಚೈನನ್ನು ಮುಳುಗಿಸಿದಾಗ ಕೊಂಡಿಗಳ ಸಂದಿಯಿಂದ ಗುಳ್ಳೆ ಬರುತ್ತವೆ. ಗುಳ್ಳೆ ನಿಂತರೆ ಮೇಣ ಒಳಗಿಳಿದಿದೆ ಅಂತ ಅರ್ಥ. ಆಮೇಲೆ ತಂತಿಗೆ ನೇತುಹಾಕಿ ಆರಿಸಬೇಕು. ಕೈಸಾಳ ನಾಯಿ ಬಂದು ಎರಡೂ ಚೈನನ್ನು ಮೂಸಿ, ನನ್ನದನ್ನು ಮಾತ್ರ ನೆಕ್ಕತೊಡಗಿತು. ಅಟ್ಟಿದರೂ ಮತ್ತೆ ಬಂತು.

"ನಿಂದು ಅದಕ್ಕೆ ಬೇಡ್ವಂತೆ ನೋಡೇ," ಅಂದೆ ರೇಖಾಗೆ.

"ನಾಯಿ ತಾನೇ ಅಕ್ಕ," ಅಂದಳು, ಅಷ್ಟೇ.

ಊರೊಳಗೆ ಓಡಾಡುವಾಗ ನನ್ನ ಚೈನು ಚೆನ್ನಾಗಿಯೇ ತಿರುಗಿತು. ಸೈಕಲ್ಲುಗಳು ರಾತ್ರಿಯೆಲ್ಲ ಕೈಸಾಳ ಕಟ್ಟಡದ ಬೆಚ್ಚಗಿನ ನೆಲಮಾಳಿಗೆಯಲ್ಲಿ ಇರುತ್ತಿದ್ದವು, ಸವಾರಿಗಳೂ ಚಿಕ್ಕವು. ಐಲಜ್ಜಿ ಕಿವಿಯಾನಿಸಿ ಕೇಳಿ, ನನ್ನದರಲ್ಲೇ ಸದ್ದು ಕಡಿಮೆ ಅಂದರು. ಆ ದಿನ ನಾನು ಎರಡು ಬನ್ನು ಹೆಚ್ಚಿಗೆ ತಿಂದೆ. ರೇಖಾ ಏನಾದರೂ ಅನ್ನುತ್ತಾಳೇನೋ ಅಂತ ಕಾದೆ. ಅವಳು ನನ್ನ ಚೈನಿನ ಕಡೆ ಒಂದು ಸಲ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿದಳು.

ಸಮುದ್ರದ ಮೇಲೆ

ದ್ವೀಪಕ್ಕೆ ಹೊರಡುವ ಹಿಂದಿನ ದಿನ ನಾವೆಲ್ಲ ದಂಡೆಯ ಮೇಲಿದ್ದ ಐಲಜ್ಜಿಯ ಮನೆಯಲ್ಲಿ ಉಳಿದುಕೊಂಡೆವು. ಸೈಕಲ್ಲುಗಳು ರಾತ್ರಿಯೆಲ್ಲ ಹೊರಗೇ ನಿಂತಿದ್ದವು. ಬೆಳಿಗ್ಗೆ ಮೈನಸ್ ಹದಿನೆಂಟು. ನಮಗೆ ಅದೇ ಕೊನೆಯ ದಿನ, ಮರುದಿನ ವಿಮಾನ.

ಸಮುದ್ರ ಅಂದರೆ ನನಗೆ ಗೊತ್ತಿರುವುದು ಮಂಗಳೂರಿನದು, ಸೀರೆ ಎತ್ತಿಕೊಂಡು ಕಾಲು ತೊಳೆಯುವುದು. ಇಲ್ಲಿ ಸಮುದ್ರ ಬೆಳ್ಳಗೆ ಹಾಸಿಕೊಂಡಿತ್ತು. ದಾರಿ ತಪ್ಪದಿರಲಿ ಅಂತ ಮಂಜುಗಡ್ಡೆಯಲ್ಲಿ ಸಾಲಾಗಿ ಮರದ ಕೊಂಬೆಗಳನ್ನು ನೆಟ್ಟಿದ್ದರು. ತುದಿಯಲ್ಲಿ ಕಪ್ಪಗೆ ಒಂದು ಗೀರಿನ ಹಾಗೆ ದ್ವೀಪ. ಕೈಸಾ ಮತ್ತು ಐಲಜ್ಜಿ ಮುಂದೆ, ರೇಖಾ ಅವರ ಹಿಂದೆ, ನಾನು ಕೊನೆಯಲ್ಲಿ. ಕೊನೆಯಲ್ಲಿರಬೇಕೆಂದು ನಾನು ಬಯಸಿರಲಿಲ್ಲ. ಮೊದಲ ತುಳಿತಕ್ಕೇ ಚೈನು ಬಿಗಿದುಕೊಂಡಿತ್ತು. ಬಿಸಿಯಾದರೆ ಸರಿಹೋಗುತ್ತದೆ ಅಂತ ಹಲ್ಲು ಕಚ್ಚಿ ತುಳಿದೆ. ಚೈನು ಚಕ್ರದ ಹಲ್ಲುಗಳ ಮೇಲೆ ಕೂರದೆ ಟಕ್ ಟಕ್ ಅಂತ ಹಾರತೊಡಗಿತು. ಸದ್ದೇ ಇಲ್ಲದ ಚೈನು ಅಂತ ಊರೆಲ್ಲ ಹೆಸರು ಮಾಡಿದ್ದು ಆ ಸಮುದ್ರಕ್ಕೆಲ್ಲ ಕೇಳುವಂತೆ ಬಡಿದುಕೊಂಡಿತು. ಅರ್ಧ ದಾರಿಯ ಹತ್ತಿರ ಕಳಚಿ ಬಿತ್ತು. ಇಳಿದು ನೋಡಿದರೆ ಕೊಂಡಿಗಳು ಬಗ್ಗಿದಲ್ಲಿ ಬಗ್ಗಿ, ನೆಟ್ಟಗಿದ್ದಲ್ಲಿ ನೆಟ್ಟಗೆ ಸೆಟೆದಿದ್ದವು. ಬೆರಳಿನಿಂದ ಬಾಗಿಸಿದರೂ ಬಾಗಲಿಲ್ಲ.

ಕೈಸಾ ವಾಪಸ್ಸು ಬಂದಳು. ದ್ವೀಪದಲ್ಲಿ ತನ್ನ ಚಿಕ್ಕಪ್ಪ ಇದ್ದಾರೆ, ಮಂಜಿನ ಮೇಲೆ ಕಾರು ಬರುತ್ತದೆ, ಫೋನು ಮಾಡುತ್ತೇನೆ ಅಂದಳು. ಬೇಡ, ತಳ್ಳಿಕೊಂಡು ಬರುತ್ತೇನೆ ಅಂದೆ. ಲಗೇಜಿನ ಹಾಗೆ ಕಾರಿನಲ್ಲಿ ಹೋಗಿ ಇಳಿಯಲು ನಾನು ಚಂದ್ರಾ ಲೇಔಟಿನಿಂದ ಬಂದಿರಲಿಲ್ಲ. ರೇಖಾ ಅವಳಿಗೆ, ನಾನು ಅಕ್ಕನ ಜೊತೆ ಇರುತ್ತೇನೆ, ನೀವು ಹೊರಡಿ ಅಂದಳು. ಅಜ್ಜಿ ಚಳಿಯಲ್ಲಿ ನಿಲ್ಲಬಾರದಲ್ಲ, ಅವರಿಬ್ಬರೂ ಮುಂದೆ ಹೋದರು.

"ಅಕ್ಕ, ನನ್ ಸೈಕಲ್ ತಗೊಳಿ. ನಿಮ್ದು ನಾನ್ ತಳ್ಕೊಂಡ್ ಬರ್ತೀನಿ."

"ಬೇಡ."

"ಇನ್ನೂ ಅರ್ಧ ದಾರಿ ಇದೆ ಅಕ್ಕ."

"ಬೇಡ ಅಂದ್ನಲ್ಲ. ನೀನು ಹೋಗು. ಹೋಗಿ ಬಾಟ್ಲಿ ಮುಚ್ಚಳ ತೆಗ್ದು ಹಿಡ್ಕೊಂಡು ನಿಂತ್ಕೋ."

ಅವಳು ಹೋಗಲಿಲ್ಲ. ನನ್ನ ಚೈನನ್ನೇ ನೋಡುತ್ತ ನಿಂತಿದ್ದಳು.

"ಇದಕ್ಕೂ ಕೊಬ್ಬರಿ ಎಣ್ಣೆ ಹಾಕಿದೀರಲ್ವಾ?"

ನಾನು ಕೈಗವಸು ಸರಿಮಾಡಿಕೊಂಡೆ. "ಯಾವ ಕೊಬ್ಬರಿ ಎಣ್ಣೆ?"

"ಅಕ್ಕ, ಎಷ್ಟು ವರ್ಷದಿಂದ ನಿಮ್ ಹಿಂದೆ ತುಳೀತಿದೀನಿ. ಕೆಂಗೇರಿವರ್ಗೂ ಮೂಗಿಗೆ ಅದೇ ವಾಸನೆ. ಹೇಳಿಕೊಡೋವಾಗ ಬಿಟ್ರಲ್ಲ, ಆಗ್ಲೇ ಗೊತ್ತಾಯ್ತು. ನಾನೂ ಹಾಕ್ ನೋಡ್ದೆ. ಹಾಕಿದ್ದು ಒಂದು, ಹಾಕ್ದೇ ಇರೋದು ಒಂದು, ಎರಡನ್ನೂ ಫ್ರೀಜರಲ್ಲಿ ಇಟ್ಟೆ. ಕೊಬ್ಬರಿ ಎಣ್ಣೇದು ಕಡ್ಡಿ ಥರ ಸೆಟೆದುಕೊಳ್ತು."

"ಗೊತ್ತಿದ್ದೂ ಹೇಳ್ಲಿಲ್ವಾ ನೀನು?"

"ಹೇಗ್ ಹೇಳ್ಲಿ? ಹೇಳಿದ್ರೆ, ನೀವು ಮುಚ್ಚಿಟ್ಟಿದ್ದು ನಂಗೆ ಗೊತ್ತು ಅಂತ ಮುಖಕ್ಕೇ ಹೇಳ್ದಂಗಾಗ್ತಿತ್ತು." ಅವಳ ಕಣ್ರೆಪ್ಪೆಯ ಮೇಲೆ ಬೆಳ್ಳಗೆ ಮಂಜು ಕೂತಿತ್ತು. ಮೂಗು ಒರೆಸಿಕೊಂಡು ಮುಂದುವರಿಸಿದಳು. "ಅದೊಂದೇ ಅಲ್ಲ, ಸುಳ್ಳು ಯಾಕೆ ಹೇಳ್ಲಿ. ಒಂದ್ಸಲ ನಿಮ್ ಚೈನ್ ಕೈಕೊಡ್ಲಿ ಅಂತಾನೂ ಇತ್ತು. ಹುಡುಗ್ರೆಲ್ಲ ಆಂಟಿ ಚೈನು, ಆಂಟಿ ಚೈನು. ಕೈಸಾಗೆ ಇವತ್ತಿಗೂ ನಿಮ್ ಮುದ್ದೆ ನೆನಪು, ನಾನ್ ಮಾಡಿದ್ದು ಒಂದೂ ನೆನಪಿಲ್ಲ. ಮನೇಲಿ ಏನ್ ಕೇಳಿದ್ರೂ ಇವ್ರು ಅತ್ತಿಗೇನ ಕೇಳು ಅಂತಾರೆ. ನಂಗೂ ಹೊಟ್ಟೆ ಇಲ್ವಾ ಅಕ್ಕ, ಉರಿಯಲ್ವಾ?"

ಮೊದಲು ಸಿಟ್ಟೇ ಬಂತು. ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ನಡುನೀರಿನವರೆಗೆ ಕರೆದುಕೊಂಡು ಬಂದಿದ್ದಾಳೆ. ಬೈಯಲು ಬಾಯಿ ತೆರೆದೆ. ಆದರೆ ಅವಳ ಮಾತಿನ ಕೊನೆಯ ಭಾಗ ಆಗತಾನೇ ಒಳಗಿಳಿಯುತ್ತಿತ್ತು. ಏರು ಹತ್ತಿ ನನಗಾಗಿ ಕಾಯುವವಳಿಗೆ, ಕೈಸಾಳ ಗೆಳತಿಗೆ, ಎಂಥ ಚಳಿಯಲ್ಲೂ ಮುಖ ಕೆಡಿಸಿಕೊಳ್ಳದವಳಿಗೆ, ನನ್ನ ಮೇಲೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಮೇಲಿನ ಮನೆಯಲ್ಲಿ ಕೂತು ಅವಳೂ ಉರಿದುಕೊಂಡಿದ್ದಾಳೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಡಲು ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡೆ.

"ಕೊಡು ಸೈಕಲ್ಲು," ಅಂದೆ.

ದ್ವೀಪದ ದಂಡೆ

ಅವಳ ಚೈನಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಬೆಣ್ಣೆ ಅಂದರೆ ಬೆಣ್ಣೆ. ಬೆಂಗಳೂರಿನಲ್ಲಿ ನನ್ನದು ಹೇಗೆ ತಿರುಗುತ್ತದೋ ಅದಕ್ಕಿಂತ ಒಂದು ಕೈ ಮೇಲೆ. ನಾನು ನುಂಗಿಕೊಂಡ ಸಾಮಾನು ಇಲ್ಲದ್ದರಿಂದಲೇ ಅದು ಹಾಗೆ ತಿರುಗುತ್ತಿತ್ತು ಅನ್ನುವುದು ಪ್ರತಿ ತುಳಿತಕ್ಕೂ ನೆನಪಾಗುತ್ತಿತ್ತು. ಒಂದಷ್ಟು ದೂರ ತುಳಿದು ಅವಳಿಗಾಗಿ ಕಾಯಬೇಕೆಂದುಕೊಂಡಿದ್ದೆ. ಕಾಯಲಿಲ್ಲ. ಕೊಂಬೆಗಳ ಸಾಲು ಹಿಂದೆ ಸರಿಯುತ್ತ ಹೋಯಿತು, ನಾನು ತುಳಿಯುತ್ತಲೇ ಹೋದೆ.

ದಂಡೆಯಲ್ಲಿ ಕೈಸಾ ಮತ್ತು ಐಲಜ್ಜಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ನಿಂತಿದ್ದರು. ದಪ್ಪ ಕೈಗವಸಿನಲ್ಲಿ ಮೆತ್ತಗೆ ಚಪ್ಪಾಳೆ ತಟ್ಟಿದರು. ಅಜ್ಜಿ ನೀಲಿ ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುಗಿಸಿ ನೋಡಿ ಹೆಬ್ಬೆರಳು ಎತ್ತಿದರು. ನಮಗೆ ಇದೇ ಮೇಣ ಬೇಕು, ರೇಖಾಳದು, ಅಂದಳು ಕೈಸಾ. ಸರಿ ಅಂದೆ. ಹೋಗಬೇಕೆಂದಿದ್ದ ದ್ವೀಪಕ್ಕೆ ಬಂದಾಗಿತ್ತು, ಅವಳಿಗಿಂತ ಮುಂದೆಯೂ ಬಂದಾಗಿತ್ತು. ಕಾಫಿ ಲೋಟ ಹಿಡಿದು ತಿರುಗಿ ನೋಡಿದೆ. ಅಷ್ಟು ದೊಡ್ಡ ಬಿಳುಪಿನ ನಡುವೆ ರೇಖಾ ಒಂದು ಚುಕ್ಕೆಯ ಹಾಗೆ ನನ್ನ ಕೆಂಪು ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಗೆದ್ದೂ ಅವಳ ಮುಖ ಕಾಣದಿದ್ದರೆ ಏನು ಬಂತು ಅನ್ನಿಸಿತು. ಕಾಫಿಯೂ ಸೇರಲಿಲ್ಲ. ಲೋಟವನ್ನು ಅಜ್ಜಿಯ ಕೈಗೆ ಕೊಟ್ಟು ಮತ್ತೆ ಸಮುದ್ರಕ್ಕೆ ಸೈಕಲ್ ಇಳಿಸಿದೆ.

ನಾನು ಬರುವುದನ್ನು ಕಂಡು ಅವಳು ನಿಂತಳು. ಗಾಳಿಗೆ ಅವಳ ಕೆನ್ನೆ ಕೆಂಪಾಗಿತ್ತು, ಉಸಿರು ಹೊಗೆಯಾಡುತ್ತಿತ್ತು.

"ತಲುಪಿದ್ರಲ್ಲ, ಮತ್ಯಾಕೆ ವಾಪಸ್ ಬಂದ್ರಿ ಅಕ್ಕ?"

"ನಿನ್ ಹೊಟ್ಟೆ ಉರಿಯೋದನ್ನ ಹತ್ರದಿಂದ ನೋಡಣ ಅಂತ."

ರೇಖಾ ನಗಲಿಲ್ಲ. ಕೆಂಪು ಸೈಕಲ್ಲನ್ನು ನನ್ನ ಕಡೆಗೆ ವಾಲಿಸಿ, ತನ್ನದರ ಹ್ಯಾಂಡಲಿಗೆ ಕೈ ಹಾಕಿದಳು.

"ನೋಡಿದ್ರಲ್ಲ, ಚೆನ್ನಾಗೇ ಉರೀತಿದೆ. ಈಗ ಇಳೀರಿ. ಇನ್ನು ಉರ್ಕೊಳ್ಳೋ ಸರದಿ ನಿಮ್ದು."

ನಾನು ಇಳಿದು ಸೈಕಲ್ ಕೊಟ್ಟೆ.